ಬೆಲ್ಲ ಬಿಟ್ಟ ಮನೆ

ಮಗಳಿಗೆ ಸಕ್ಕರೆ ಕಾಯಿಲೆ ಎಂದು ಕುಂದಾಪುರದ ಡಾಕ್ಟರು ಹೇಳಿದಾಗ ಅವಳು ಮೂರನೇ ಕ್ಲಾಸಿನಲ್ಲಿದ್ದಳು. ಅರವತ್ತರ ದಶಕದ ಕೊನೆಯ ಮಾತಿದು. ಅದು ಹೊಟ್ಟೆ ಬಂದ ಸಾಹುಕಾರರ ಕಾಯಿಲೆ, ಅದೂ ಪ್ರಾಯ ಸಂದ ಮೇಲೆ ಬರುವಂಥದ್ದು ಎಂದು ನಮ್ಮ ಹೆಮ್ಮಾಡಿ ಕಡೆಯವರ ತಿಳುವಳಿಕೆ. ಎಲುಬು ಎಣಿಸುವಂತಿದ್ದ ಈ ಹುಡುಗಿಗೆ ಅದು ಹೇಗೆ ಬಂತು ಎಂದು ಕೇಳಿದವರಿಗೆಲ್ಲ ಗೊತ್ತಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ನನಗೇ ಗೊತ್ತಿದ್ದರೆ ತಾನೇ ಹೇಳುವುದು!

ಡಾಕ್ಟರು ಒಂದು ಮಧ್ಯಾಹ್ನ ಕೂರಿಸಿಕೊಂಡು ಎಲ್ಲ ಕಲಿಸಿದರು. ಗಾಜಿನ ಸಿರಿಂಜು, ಸೂಜಿ ಕುದಿಸುವುದು, ತೊಡೆಯ ಚರ್ಮ ಎತ್ತಿ ಹಿಡಿದು ಚುಚ್ಚುವುದು, ಔಷಧದ ಬಾಟಲಿಯನ್ನು ಒದ್ದೆ ಮರಳಿನಲ್ಲಿ ಹೂತ ಮಣ್ಣಿನ ಕುಡಿಕೆಯಲ್ಲಿ ತಂಪಾಗಿ ಇಡುವುದು. ಮೂತ್ರದ ನಾಲ್ಕು ಹನಿಯನ್ನು ನೀಲಿ ನೀರಿಗೆ ಬಿಟ್ಟು ಕಾಯಿಸುವುದು. ನೀಲಿಯಾಗಿಯೇ ಉಳಿದರೆ ಒಳ್ಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಕಷ್ಟ. ಕೊನೆಗೆ, "ಇಂಜೆಕ್ಷನ್ ಆದಮೇಲೆ ಊಟ ತಡವಾದರೆ, ಮಗು ಹೆಚ್ಚು ಓಡಿ ದಣಿದರೆ, ರಕ್ತದ ಸಕ್ಕರೆ ಒಮ್ಮೆಲೇ ಇಳಿದುಬಿಡುತ್ತದೆ. ಬೆವರಿ ನಡುಗಿದರೆ ಕಾಯಬೇಡಿ, ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕಿ. ಆ ಹೊತ್ತಿಗೆ ಅದೇ ಔಷಧ," ಎಂದರು. ಕೇಳಿಸಿಕೊಂಡವಳು ನಾನೊಬ್ಬಳೇ. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಅತ್ತೆ ಮನೆ ಕಾಯುತ್ತಿದ್ದರು.

ಅಲ್ಲಿಂದ ಶುರುವಾದ ದಣಿವು ಎಂಥದ್ದೆಂದು ಹೇಗೆ ಹೇಳಲಿ. ಬೆಳಿಗ್ಗೆ ಎದ್ದರೆ ಮೊದಲು ಒಲೆಗೆ ಏರುವುದು ಸಿರಿಂಜಿನ ಪಾತ್ರೆ, ಆಮೇಲೆ ಗಂಜಿಯದು. ಸೂಜಿ ನೋಡಿದ ಕೂಡಲೇ ಮಗಳು ಬಚ್ಚಲ ಹಿಂದೆ ಓಡುವಳು, ನಾನು ಅವಳ ಹಿಂದೆ. ಎಷ್ಟೋ ದಿನ ಚುಚ್ಚಿ ಮುಗಿಸಿ ಅವಳನ್ನು ಶಾಲೆಗೆ ಕಳಿಸಿ, ಕೊಟ್ಟಿಗೆಗೆ ಹೋಗಿ ದನದ ಎದುರು ಅತ್ತಿದ್ದೇನೆ. ಮನುಷ್ಯರ ಎದುರು ಅತ್ತರೆ ಅವರಿಗೆ ಸಮಾಧಾನ ಹೇಳುವ ಕೆಲಸವೂ ನನ್ನ ತಲೆಗೇ ಬರುತ್ತಿತ್ತು.

ಅತ್ತೆಗೆ ಮೊಮ್ಮಗಳೆಂದರೆ ಜೀವ. ಅವರು ಕಿರಿಮಂಜೇಶ್ವರದ ದೇವರಿಗೆ ಹರಕೆ ಹೇಳಿಕೊಂಡರು: ಮಗು ಗುಣವಾಗುವವರೆಗೆ ನಮ್ಮ ಮನೆಯೊಳಗೆ ಬೆಲ್ಲ, ಸಕ್ಕರೆ ಬರುವಂತಿಲ್ಲ. ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಬೆಲ್ಲದ ತುಂಡು ಇಡುವುದು ನಮ್ಮ ಕಡೆ ಮನೆಯ ಮರ್ಯಾದೆ. ನಮ್ಮಲ್ಲಿ ಬರೀ ಚೊಂಬು ಬಂದು ಕೂರತೊಡಗಿತು. ನೆಂಟರು ಪಾಪ, ಬೆಲ್ಲದ ತಟ್ಟೆ ಈಗ ಬರುತ್ತದೆ, ಆಮೇಲೆ ಬರುತ್ತದೆ ಎಂದು ಒಳಬಾಗಿಲ ಕಡೆಗೇ ನೋಡುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಅತ್ತೆ ಕೇರಿಯ ಮನೆಮನೆಗೂ ಹೋಗಿ, "ನನ್ ಮೊಮ್ಮಗ್ಳ್ ಎಷ್ಟ್ ಬೇಡಿರೂ ಸೀ ಕೊಡ್ಬೇಡಿ. ಕೊಟ್ರೆ ನನ್ ಮೇಲ್ ಆಣಿ," ಎಂದು ಕಟ್ಟು ಮಾಡಿಬಂದರು.

ಡಾಕ್ಟರ ಕೊನೆಯ ಮಾತನ್ನು ನಾನು ಹೇಳದೆ ಇರಲಿಲ್ಲ. ಅತ್ತೆ ನಕ್ಕುಬಿಟ್ಟರು. "ಸೀ ಕಾಯ್ಲಿಗೆ ಸೀಯೇ ಮದ್ದಂಬ್ರಾ? ನೀ ಸಮಾ ಕೇಂಡಿಯಾ ಹೆಣೆ?" ಅವರನ್ನು ಏನನ್ನಲಿ, ನನ್ನ ಬಾಯಲ್ಲಿ ಬಂದಾಗ ನನಗೂ ಅದು ಹುಚ್ಚು ಮಾತಿನಂತೆಯೇ ಕೇಳಿಸಿತು. ವಾದ ಮಾಡುವ ತ್ರಾಣ ಇರಲಿಲ್ಲ. ಒಂದು ಸಣ್ಣ ಡಬ್ಬಿಯಲ್ಲಿ ಸಕ್ಕರೆ ತುಂಬಿ ಉಪ್ಪಿನಕಾಯಿ ಭರಣಿಯ ಹಿಂದೆ ಅಡಗಿಸಿಟ್ಟೆ.

ಒಂದು ದಿನ ಶಾಲೆಯಲ್ಲಿ ಡ್ರಿಲ್ ಮಾಡಿಸಿ ಮಕ್ಕಳನ್ನು ತಡವಾಗಿ ಊಟಕ್ಕೆ ಬಿಟ್ಟರು. ಮಗಳು ಅಂಗಳಕ್ಕೆ ಬರುವಾಗಲೇ ತೂರಾಡುತ್ತಿದ್ದಳು. ರವಿಕೆ ಬೆವರಿಗೆ ಒದ್ದೆ, ಕೈ ತಣ್ಣಗೆ. ಹೆಸರು ಹಿಡಿದು ಕರೆದರೆ ನನ್ನನ್ನು ಯಾರೋ ಎಂಬಂತೆ ನೋಡಿದಳು. ಒಳಗೆ ಓಡಿ ಭರಣಿಯ ಹಿಂದೆ ಕೈ ಹಾಕಿದೆ. ಡಬ್ಬಿ ಇತ್ತು, ತೊಳೆದು ಒರೆಸಿ ಇಟ್ಟಂತೆ ಖಾಲಿ.

"ಅದ್ನ ಬೆಳಿಗ್ಗೆಯೇ ದನದ ಅಕ್ಕಚ್ಚಿಗೆ ಹಾಕ್ದೆ," ಎಂದರು ಅತ್ತೆ. "ಹರ್ಕಿ ಮನ್ಯಂಗೆ ಕದ್ದ್ ಇಡೂದಾ?"

ಜಗಳಕ್ಕೆ ಹೊತ್ತಿರಲಿಲ್ಲ. ಪಕ್ಕದ ಮನೆಗೆ ಓಡಿದೆ. ಆಕೆ ಒಳ್ಳೆಯವಳು, ಕೇಳಿದ ಕೂಡಲೇ ಬೆಲ್ಲದ ಅಚ್ಚು ತಂದಳು. ತಂದವಳು ಕೈಯಲ್ಲೇ ಹಿಡಿದು ನಿಂತಳು. "ಯಾರಿಗೆ? ಹೆಣ್ಣಿಗಾ? ನಿಮ್ಮತ್ತೆ ಆಣಿ ಹಾಕಿರಲೆ ಮಾರಾಯ್ತಿ, ನಾ ಹ್ಯಾಂಗ್ ಕೊಡ್ಲಿ?" ನನಗೆ ಎಲ್ಲಿಂದ ಬಂತೋ ಆ ಸಿಟ್ಟು. ಅವಳ ಕೈಯಿಂದ ಕಿತ್ತುಕೊಂಡು ಬಂದೆ.

ಬೆಲ್ಲವನ್ನು ಕುಟ್ಟಿ, ತುಸು ನೀರಲ್ಲಿ ಕಲಸಿ, ಮಗಳ ಕೆನ್ನೆಯ ಒಳಗೆ ಸ್ವಲ್ಪ ಸ್ವಲ್ಪವೇ ಹಚ್ಚಿದೆ. ಅತ್ತೆ ಎದೆ ಬಡಿದುಕೊಂಡು, "ಕೊಲ್ತ್ಯಲೆ, ನನ್ ಮಗೂನ ಕೊಲ್ತ್ಯಲೆ," ಎಂದು ಕೂಗಿದರು. ಡಾಕ್ಟರು ಹೇಳಿದ್ದು ಸುಳ್ಳಾದರೆ ಈ ಬೆಲ್ಲ ಹಾಕಿದ ಕೈ ನನ್ನದೇ. ಮಗಳು ಚಪ್ಪರಿಸಿದಳು, ನುಂಗಿದಳು. ಇನ್ನಷ್ಟು ಕೊಟ್ಟೆ. ಮುಖದ ಬೆವರು ಆರುತ್ತ ಬಂತು. ಆಮೇಲೆ ಕಣ್ಣು ನೆಟ್ಟಗಾಗಿ, ಅಳುತ್ತಿದ್ದ ಅಜ್ಜಿಯನ್ನು ನೋಡಿ, "ಅಮ್ಮಮ್ಮ ಎಂತಕೆ ಮರ್ಕುದ್?" ಎಂದು ಕೇಳಿದಳು.

ಅತ್ತೆಯ ಕೂಗು ಅಲ್ಲಿಗೇ ನಿಂತಿತು. ಆ ದಿನ ಅವರು ಉಣ್ಣಲಿಲ್ಲ.

ನಡೆದದ್ದನ್ನು ಕೇಳಿ ಡಾಕ್ಟರು ಮುಂದಿನ ಸಲ ಅತ್ತೆಯನ್ನೂ ಕರೆತರಲು ಹೇಳಿದರು. ಹೋದಾಗ ಅತ್ತೆಯ ಎದುರಿಗೇ ನೀಲಿ ನೀರು ಕಾಯಿಸಿ ತೋರಿಸಿದರು, ನನಗೆ ಹೇಳಿದ್ದನ್ನೆಲ್ಲ ಮೊದಲಿಂದ ಹೇಳಿದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಹರ್ಕಿ ಮುರ್ದ್ರೆ ದೇವ್ರ್ ಮುನಿತಿಲ್ಯಾ?" ಡಾಕ್ಟರು, "ನೀವು ಬೆಲ್ಲ ತಿನ್ನಬೇಡಿ ಅಮ್ಮ, ಹರಕೆ ನಡೆಯಲಿ. ಮನೆಯಲ್ಲಿ ಮಾತ್ರ ಬೆಲ್ಲ ಇರಲಿ," ಎಂದರು.

ಬಸ್ಸಿಳಿದ ಅತ್ತೆ ಮನೆಗೆ ಬರಲಿಲ್ಲ, ಕೇರಿಯ ಮೊದಲನೇ ಮನೆಗೆ ನಡೆದರು. ಕಾಲೆಳೆಯುತ್ತ ನಾನೂ ಹಿಂದೆ ಹೋದೆ. ಜಗಲಿಯಲ್ಲಿ ಕೂತು, "ಹ್ವಾಯ್, ನಾ ಹಾಕಿದ್ ಆಣಿ ವಾಪಸ್ ತಕಂತೆ. ನನ್ ಮೊಮ್ಮಗ್ಳ್ ತೂರಾಡುದ್ ಕಂಡ್ರೆ ಕೇಂಬುಕೆ ನಿಲ್ಬೇಡಿ, ಬೆಲ್ಲ ಬಾಯಿಗೆ ಹಾಕಿ," ಎಂದರು. ಹಾಗೆಯೇ ಎರಡನೇ ಮನೆ, ಮೂರನೇ ಮನೆ, ಶಾಲೆಯ ಮೇಷ್ಟರ ಮನೆ. ಬಿಸಿಲಲ್ಲಿ ಬಂದವರಿಗೆ ಎಲ್ಲರೂ ನೀರು, ಬೆಲ್ಲ ತಂದಿಟ್ಟರು. ಅತ್ತೆ ನೀರು ಮಾತ್ರ ಕುಡಿದರು. ಬೆಲ್ಲದ ತುಂಡನ್ನು ಸೆರಗಿಗೆ ಹಾಕಿಕೊಂಡರು. ಕೊನೆಗೆ ಪಕ್ಕದ ಮನೆಗೆ ಹೋದಾಗ ಆಕೆ ಒಂದು ಇಡೀ ಅಚ್ಚನ್ನೇ ಇಟ್ಟಳು.

ಮನೆಗೆ ಬಂದವರೇ ಸೆರಗು ಬಿಚ್ಚಿ ಆ ಖಾಲಿ ಡಬ್ಬಿಗೆ ಎಲ್ಲ ತುಂಬಿದರು. ಹಿಡಿಯದೆ ಉಳಿದದ್ದನ್ನು ಇನ್ನೊಂದು ಪಾತ್ರೆಗೆ ಹಾಕಿದರು. ಭರಣಿಯ ಹಿಂದೆ ಅಲ್ಲ, ಎಲ್ಲರ ಕಣ್ಣಿಗೆ ಬೀಳುವಂತೆ ದೇವರ ಕೋಣೆಯ ಬಾಗಿಲ ಪಕ್ಕದಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಸೂಜಿ ಕುದ್ಸುದ್ ನಂಗೆ ತೋರ್ಸ್. ಈಗ ನೀ ಒಂದ್ ಗಳ್ಗಿ ಮನಿಕೊ. ಹೆಣ್ಣಿನ್ ನಾ ಕಂಡ್ಕಂತೆ," ಎಂದರು.

ಕಾಯಿಲೆ ಬಂದ ದಿನದಿಂದ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಚಾಪೆ ಬಿಡಿಸುವುದಕ್ಕೂ ಕಾಯದೆ ಬರಿಯ ನೆಲದ ಮೇಲೆ ಮಲಗಿ ನಿದ್ದೆ ಹೋದೆ.