ಕೋಳಿಯ ಮಾನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಕೋಳಿ ಕಪ್ಪಗಿತ್ತು ಎಂದು ನನ್ನ ನೆನಪು; ನನ್ನ ಗಂಡ ಕೆಂಪು ಅನ್ನುತ್ತಾರೆ. ಎಂಬತ್ತರ ದಶಕದ ಕೊನೆ ಅನ್ನುವುದು ಖಚಿತ, ಯಾವ ವರ್ಷ ಎಂದು ಕೇಳಿದರೆ ತಡವರಿಸುತ್ತೇನೆ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ. ಓದಿದ ಪುಸ್ತಕ, ಮನಸ್ಸಿನ ಬೇಸರ, ಇಂಥವೇ ಅದರ ತುಂಬ. ಮೂರು ಹೊತ್ತು ಯಾವ ಜೀವದ ಬಾಯಿಗೆ ತುತ್ತಿಟ್ಟೆನೋ ಅದರ ಬಗ್ಗೆ ಒಂದು ಸಾಲೂ ಇಲ್ಲ. ಬರೆಯುವಂಥದ್ದಲ್ಲ ಅನ್ನಿಸಿತ್ತೋ, ಬರೆಯುವಷ್ಟು ತ್ರಾಣ ಉಳಿಯುತ್ತಿರಲಿಲ್ಲವೋ.

ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಐಗಳಿಯ ತವರಿನಿಂದ ನಿಪ್ಪಾಣಿ ಹತ್ತಿರದ ಅಕ್ಕೋಳಕ್ಕೆ ಸೊಸೆಯಾಗಿ ಬಂದೆ. ಗಂಡ ರಾಯಬಾಗದ ಕಡೆ ಶಾಲೆಯ ಮಾಸ್ತರು. ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುವವರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ಅತ್ತೆ, ಹಿತ್ತಲಲ್ಲಿ ಅತ್ತೆಯ ಕೋಳಿಗಳು. ಅತ್ತೆಯ ತವರು ಕಾಗಲ್ ಕಡೆಯ ಮರಾಠಿ ಮನೆ. ನನ್ನ ತವರಿನಲ್ಲಿ ಮರಾಠಿ ಆಡುವವರೇ ಇರಲಿಲ್ಲ. ಅತ್ತೆಯ ಅರ್ಧ ಮಾತು ನನಗೆ ಮುಖ ನೋಡಿ ಅರ್ಥವಾಗುತ್ತಿತ್ತು.

ಮೊದಲ ಬೇಸಿಗೆಯಲ್ಲೇ ಕೋಳಿಗಳಿಗೆ ರೋಗ ಬಂತು. ಒಂದು ಸೋಮವಾರ ಗಂಡನನ್ನು ಬಸ್ಸಿಗೆ ಹತ್ತಿಸಿ, ತಲೆಯ ಮೇಲೆ ಸೆರಗಿಲ್ಲದೆ ಹಾಗೇ ನಡೆದು ಬರುತ್ತಿದ್ದೆ. ಬಾಜು ಮನೆಯ ಕಾಕು ಗೋಡೆಯಾಚೆಯಿಂದ ಇಣುಕಿದಳು.

"ಏನವಾ, ನಿಮ್ಮ ಮನ್ಯಾಗೂ ಮಾನಮೋಡಿ ಹೊಕ್ಕೈತಂತ?"

ನನ್ನ ಕಿವಿ ಬಿಸಿಯಾಯಿತು. ಒಳಗೆ ಬಂದವಳೇ ಅತ್ತೆಯ ಮುಂದೆ ನಿಂತು, "ಸೆರಗ ಹೊದ್ದಿಲ್ಲಂದ್ರ ಮನಿ ಮಾನ ಹೋಗತೈತೇನ್ರಿ? ಓಣ್ಯಾಗ ನಿಂತು ಹಿಂಗ ಅಂತಾರ" ಅಂದೆ.

ಅತ್ತೆ ಒಲೆಯ ಮುಂದೆ ಕೂತು ನಕ್ಕೇ ನಕ್ಕರು. "ಅಗ ಸೂನಬಾಯಿ, ನಿನ್ನ ಮಾನಕ್ಕ ಏನೂ ಆಗಿಲ್ಲ. ಕೋಳಿ ಮಾನಕ್ಕ ಆಗೈತಿ!" ಎಂದು ತಮ್ಮ ಕುತ್ತಿಗೆಯನ್ನೇ ತಿರುಚಿ ತೋರಿಸಿದರು. ಮರಾಠಿಯಲ್ಲಿ ಮಾನ ಅಂದರೆ ಕುತ್ತಿಗೆಯೂ ಹೌದು. ಮಾನಮೋಡಿ ಎಂದರೆ ಕೋಳಿಯ ಕುತ್ತಿಗೆ ತಿರುಚಿಬಿಡುವ ರೋಗ. ಅಂದಿನಿಂದ ಗಂಡ ಶನಿವಾರ ಬಂದು ಚೀಲ ಇಳಿಸುವ ಮೊದಲೇ, "ಹೆಂಗೈತಿ ನಿಮ್ಮ ಮಾನ?" ಅನ್ನುವುದು ರೂಢಿಯಾಯಿತು.

ಎರಡು ಕೋಳಿ ಬಿಟ್ಟು ಎಲ್ಲವೂ ಸತ್ತವು. ಉಳಿದವುಗಳಲ್ಲಿ ಒಂದು ಕಾಲೆಳೆಯುತ್ತಿತ್ತು. ಅದರ ಪಾದ ತೊಳೆದು ಅರಿಶಿನ ಎಣ್ಣೆ ಹಚ್ಚಿದರೆ ತನ್ನ ಹೊಟ್ಟೆ ತಾನು ನೋಡಿಕೊಳ್ಳುತ್ತಿತ್ತು. ಇನ್ನೊಂದರ ಕುತ್ತಿಗೆ ಹೊರಳಿ ಕಣ್ಣು ಆಕಾಶಕ್ಕಾಗಿತ್ತು. ಕಾಳು ಕಂಡರೂ ಕೊಕ್ಕು ನೆಲಕ್ಕೆ ತಾಗದು. ಬೆದರಿದರೆ ಹಿಂದಕ್ಕೆ ಹಿಂದಕ್ಕೆ ನಡೆದು ಉರುಳುತ್ತಿತ್ತು. ನಿಪ್ಪಾಣಿಯ ದನದ ಡಾಕ್ಟರು, "ಬದುಕತೈತಿ, ಕುತ್ತಿಗಿ ಮಾತ್ರ ನೆಟ್ಟಗಾಗೂದಿಲ್ಲ" ಅಂದರು. ಕಾಕು, "ಕೊಯ್ದ ಬಿಡ್ರಿ, ಯಾಕ ಗೋಳು" ಅಂದಳು.

"ನಮ್ಮ ಕೈಲೆ ತುತ್ತು ತಿಂದೈತಿ. ಇನ್ನ ಅದಕ್ಕ ಚೂರಿ ಹೆಂಗ ಹಚ್ಚೂದು?" ಎಂದರು ಅತ್ತೆ.

ನಮ್ಮ ಕೈ ಅಂದರೆ ನನ್ನ ಕೈ. ಅತ್ತೆಯ ಕೈ ನಡುಗುತ್ತಿತ್ತು. ಅವರು ನೀರು ಹಾಕಿದಾಗೊಮ್ಮೆ ಶ್ವಾಸಕ್ಕೇರಿ ಕೋಳಿ ಸಾಯುವುದರಲ್ಲಿತ್ತು. ಹಾಗಾಗಿ ಮುಂಜಾನೆ, ಮಧ್ಯಾಹ್ನ, ಸಂಜೆ ನಾನೇ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯ ಎರಡು ಬೆರಳಿನಿಂದ ಕುತ್ತಿಗೆ ನೆಟ್ಟಗೆ ಹಿಡಿದು, ಕಲಸಿದ ಜೋಳದ ಹಿಟ್ಟಿನ ಗುಳಿಗೆ ನುಂಗಿಸುತ್ತಿದ್ದೆ. ಅರಳೆ ಅದ್ದಿ ನೀರು ಹನಿಸುತ್ತಿದ್ದೆ. ನುಂಗಿತೋ ಇಲ್ಲವೋ ಎಂದು ಗಂಟಲು ಮುಟ್ಟಿ ನೋಡುವುದು, ಮತ್ತೆ ಒಂದು ಗುಳಿಗೆ. ಅದರ ಮೇಲೆ ನನಗೆ ಪ್ರೀತಿ ಇತ್ತೇ? ಇತ್ತು ಎಂದು ಬರೆದರೆ ಚೆಂದ. ನೆನಪಿರುವುದು ಸೊಂಟ ನೋವು, ಬೆರಳಿನ ಹುಳಿ ವಾಸನೆ, ಇದು ಮುಗಿಯುವುದಿಲ್ಲ ಎಂಬ ಒಂದೇ ಯೋಚನೆ.

ಹೀಗೇ ಒಂದು ವರ್ಷವೋ ಇನ್ನೂ ಹೆಚ್ಚೋ ಕಳೆದ ಮೇಲೆ, ಒಂದು ಶನಿವಾರ ಗಂಡ ಸುದ್ದಿ ತಂದರು. ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವವರಿಲ್ಲ, ಹಂಗಾಮಿ ಕೆಲಸ, ಸೋಮವಾರವೇ ಬರಬೇಕು. ಆ ಕೆಲಸ ನನಗೆ ಬೇಕಿತ್ತು, ಹಸಿದವರಿಗೆ ಅನ್ನ ಬೇಕಾದ ಹಾಗೆ. ಆದರೆ ಮುಂಜಾನೆ ಬಸ್ಸು ಹತ್ತಿದರೆ ಹಿಂತಿರುಗುವುದು ಸಂಜೆ.

"ಮಧ್ಯಾಹ್ನ ಅದಕ್ಕ ಯಾರು ತಿನಸ್ತಾರ?" ಅಂದೆ.

"ಅಲ್ಲಲೇ, ಕೋಳಿ ಸಲುವಾಗಿ ನೌಕರಿ ಬಿಟ್ಟಳಂದ್ರ ಊರ ನಗತೈತಿ," ಎಂದು ಗಂಡ ನಕ್ಕರು. "ಮಾನಕ್ಕಾಗಿ ಬಿಟ್ಟೆ ಅಂತ ಹೇಳು. ಸುಳ್ಳೂ ಆಗೂದಿಲ್ಲ."

ನಾನೂ ನಕ್ಕೆನೇನೋ. ಅತ್ತೆ ಮಾತ್ರ ನಗಲಿಲ್ಲ. ಹೋಗುವುದಿಲ್ಲ ಎಂದು ನಾನು ಬಾಯಿ ಬಿಟ್ಟು ಹೇಳಿದೆನೋ, ಹೇಳದೆಯೇ ಅವರಿಗೆ ತಿಳಿಯಿತೋ, ಈಗ ಹೇಳಲಾರೆ.

ಮರುದಿನ ಅತ್ತೆ ನನ್ನನ್ನು ನಿಪ್ಪಾಣಿಗೆ ಕಳಿಸಿದರು, ಹರಿದ ಚಪ್ಪಲಿ ಹೊಲಿಸಿಕೊಂಡು ಬಾ ಎಂದು. ಕೋಳಿಗೆ ಮುಂಜಾನೆಯ ತುತ್ತು ತಿನ್ನಿಸಿ ಹೋದೆ. ಗಂಡ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದರು. ಮಧ್ಯಾಹ್ನ ಮರಳಿದಾಗ ಕೋಳಿಯ ಬುಟ್ಟಿ ತೊಳೆದು ಬಿಸಿಲಿಗೆ ಬೋರಲು ಹಾಕಿತ್ತು. ಅತ್ತೆ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದರು.

"ಕೋಳಿ ಎಲ್ಲೈತ್ರಿ?"

"ಹೋತು."

ನಮ್ಮ ಕಡೆ ಸತ್ತದ್ದಕ್ಕೂ ಹೋತು, ಕಳೆದದ್ದಕ್ಕೂ ಹೋತು. ಹೇಗೆ ಎಂದು ಕೇಳಿದೆ. "ಚಾ ಕುಡಿತೀಯೇನ?" ಅಂದರು. ಅಂದು ಮನೆಯಲ್ಲಿ ಕೋಳಿ ಸಾರು ಕುದಿಯಲಿಲ್ಲ. ಅತ್ತೆ ರೊಟ್ಟಿ ಚಟ್ನಿ ತಿಂದು ಗೋಡೆಗೆ ಮುಖ ಮಾಡಿ ಮಲಗಿದರು. ಬೆಳಿಗ್ಗೆ ನಾನು ಏಳುವ ಮೊದಲೇ ಬುತ್ತಿ ಕಟ್ಟಿಟ್ಟಿದ್ದರು. ಬಾಗಿಲಲ್ಲಿ, "ಮಾನ ನೆಟ್ಟಗ ಇಟ್ಕೊಂಡು ಪಾಠಾ ಹೇಳು" ಅಂದರು. ಅಂದರೋ, ಎಷ್ಟೋ ವರ್ಷದ ಮೇಲೆ ನಾನೇ ಸೇರಿಸಿಕೊಂಡೆನೋ. ಬಸ್ಸಿನಲ್ಲಿ ಕೂತಾಗ ನನಗಾದದ್ದು ದುಃಖವಲ್ಲ, ನಿರಾಳ. ಅದು ಮಾತ್ರ ಸರಿಯಾಗಿ ನೆನಪಿದೆ.

ತೊಂಬತ್ತರ ದಶಕದ ನಡುವೆ ಅತ್ತೆಗೆ ಲಕ್ವಾ ಹೊಡೆಯಿತು. ಕಾಲೇಜಿಗೆ ರಜೆ ಹಾಕಿ ಮತ್ತೆ ಮೂರು ಹೊತ್ತು ಮನೆಯಲ್ಲುಳಿದೆ. ಎಡಗೈಯಿಂದ ಅವರ ಕುತ್ತಿಗೆ ಹಿಡಿದು ಗಂಜಿ ಕುಡಿಸುವುದು, ಇಳಿಯಿತೋ ಇಲ್ಲವೋ ನೋಡುವುದು, ಮತ್ತೆ ಒಂದು ಚಮಚ. ಬೆರಳಿಗೆ ಆ ಕೆಲಸ ಮೊದಲೇ ಗೊತ್ತಿತ್ತು. ಅತ್ತೆಗೆ ಒಂದೆರಡು ಮಾತು ಉಳಿದಿದ್ದವು: ನೀರು, ಸಾಕು, ಹೌದು, ಇಲ್ಲ. ಉತ್ತರಕ್ಕೆ ಅಷ್ಟು ಸಾಕಾಗಿತ್ತು. ಒಂದು ಸಂಜೆ, ದಣಿದು ಹೋಗಿದ್ದಾಗ, ಕೇಳಿಯೇಬಿಟ್ಟೆ. ಅವರು ಬಾಯಿ ತೆರೆದರು, ಮುಂದಿನ ಚಮಚಕ್ಕೆ. ಮಳೆಗಾಲ ಮುಗಿಯುವ ಮೊದಲೇ ಅವರೂ ಹೋದರು.

ನಾನು ಕೇಳಿದ್ದು ಇಷ್ಟೇ: "ಅತ್ತಿ, ಅವತ್ತ ಅದು ತಾನಾಗೇ ಹೋತೇನ್ರಿ, ಇಲ್ಲಾ ನೀವ ಕಳಿಸಿದ್ರಿ?"