ಕುರಿಗಳ ಕೆಲಸಕ್ಕೆ ನಿಂತವಳು

ಬೆಳಕು ಹರಿಯುವ ಮೊದಲೇ ಅವಳು ದಿಬ್ಬದ ಇಳಿಜಾರಿನಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಾಳೆ. ಎಡಗೈಯಲ್ಲಿ ಹಿಡಿ ಹುಲ್ಲು, ಬಲಗೈಯಲ್ಲಿ ಕುಡುಗೋಲು. ಉಟ್ಟ ಬಟ್ಟೆ ಇಬ್ಬನಿಗೆ ಮೊಣಕಾಲಿನವರೆಗೂ ತೊಯ್ದಿದೆ. ಪಕ್ಕದಲ್ಲಿ ನಾದಿನಿ, ಬಾಯಿ ಸುಮ್ಮನಿರದ ಹೆಂಗಸು.

"ಮೆಲ್ಲಗೆ ಅತ್ತಿಗೆ. ಹಲ್ಲಲ್ಲಿ ಕಡಿಯೋದೊಂದೇ ಬಾಕಿ ನೀನು."

"ಸರ್ಕಾರದೋರು ಅದನ್ನೂ ಕೇಳ್ತಾರೆ ಬಿಡು."

ಹೊಲಗಳ ನಡುವೆ ಬಳೆಯ ಹಾಗೆ ಸುತ್ತಿಕೊಂಡ ಮಣ್ಣಿನ ದಿಬ್ಬ ಇದು, ಹೊರಗೊಂದು ಕಂದಕ. ಅಕ್ಷರವೇ ಹುಟ್ಟದ ಕಾಲದ ಜನ ಕೈಯಾರೆ ಅಗೆದು ಏರಿಸಿದ್ದು. ಯಾಕೆ ಏರಿಸಿದರೋ, ಬಲ್ಲವರಿಲ್ಲ. ಈಗ ಸರ್ಕಾರದ ಕಾವಲಿದೆ. ಗುದ್ದಲಿ ತಾಗಿಸುವಂತಿಲ್ಲ, ಯಂತ್ರದ ಗಾಲಿ ಹತ್ತಿಸುವಂತಿಲ್ಲ. ಬಿಟ್ಟರೆ ಹುಲ್ಲಿನ ನಡುವೆ ಪೊದೆ ಎದ್ದು, ಅದರ ಬೇರು ಮಣ್ಣನ್ನು ಸಡಿಲಿಸುತ್ತದೆ. ಹಾಗಾಗಿ ಕೈಯಲ್ಲೇ ಕೊಯ್ಯಬೇಕು.

ಮೊದಲು ಈ ಕೆಲಸ ಅವಳ ಕುರಿಗಳದ್ದಾಗಿತ್ತು. ಮಾವನ ಕಾಲದಿಂದ ಮಂದೆ ಇಲ್ಲೇ ಮೇಯುತ್ತಿತ್ತು. ತಂತಿಬೇಲಿ ಬಂದದ್ದೇ ತಡ, ಮೇಯಿಸುವುದು ಅಪರಾಧವಾಯಿತು. ಬೇರೆ ಹುಲ್ಲುಗಾವಲಿಲ್ಲದೆ ಇಡೀ ಮಂದೆಯನ್ನು ಒಂದೇ ಸಂತೆಯಲ್ಲಿ ಮಾರಿದಳು. ಮರುವರ್ಷ ಹುಲ್ಲು ಸೊಂಟದುದ್ದ ಬೆಳೆದು ನಿಂತಾಗ ಕಚೇರಿಯವರು ಕೂಲಿಗೆ ಕರೆದದ್ದು ಅವಳನ್ನೇ.

"ಕುರಿಗಳು ಪುಕ್ಕಟೆ ಮಾಡ್ತಿದ್ವು. ನಂಗೆ ದಿನಗೂಲಿ, ಜೊತೆಗೆ ಸೊಂಟನೋವು," ಎಂದು ನಗುತ್ತಾಳೆ. "ಬಡ್ತಿ ಅಲ್ವಾ?"

ಅದಾಗಿ ಹದಿನಾಲ್ಕು ವರ್ಷ. ಈಗ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಕಣ್ಣು ಮಂಜಾಗಿ ಮನೆ ಹಿಡಿದಿರುವ ಗಂಡ ತಡಕಾಡಿಕೊಂಡೇ ಕುಡುಗೋಲಿನ ಹಿಡಿಗೆ ಬಟ್ಟೆ ಸುತ್ತಿಕೊಡುತ್ತಾನೆ. ಇಬ್ಬರ ಒಲೆ ಉರಿಯುವುದು ಈ ಕೂಲಿಯಿಂದಲೇ.

ಹೋದ ವಾರ ಮೇಲ್ವಿಚಾರಕ ಬಂದು ಸುದ್ದಿ ಹೇಳಿದ. ದಿಬ್ಬಕ್ಕೆ ಕುಡುಗೋಲಿಗಿಂತ ಕುರಿಯೇ ಒಳ್ಳೆಯದೆಂದು ತಜ್ಞರು ತೀರ್ಮಾನಿಸಿದ್ದಾರಂತೆ. ಸೋಮವಾರದಿಂದ ಹೊರಗಿನ ಗುತ್ತಿಗೆದಾರನ ಮಂದೆ ಬರುತ್ತದೆ. ಇವಳ ಕೆಲಸ ಭಾನುವಾರಕ್ಕೆ ಮುಗಿಯುತ್ತದೆ.

"ಮೇಯ್ಸೋಕಾದ್ರೂ ನನ್ನ ಇಟ್ಕೊಳ್ಳಿ ಸ್ವಾಮಿ ಅಂದೆ. ಕಾಯೋರೂ ಮಂದೆ ಜೊತೇಲೇ ಬರ್ತಾರಮ್ಮ ಅಂದ್ರು. ಕುರಿ ಮಾರುವಾಗ ಇವರೆಲ್ಲ ಎಲ್ಲಿದ್ರು?"

"ಒಂದೆಸಳೂ ಉಳಿಸ್ಬೇಡ ಅತ್ತಿಗೆ," ನಾದಿನಿ ಹಲ್ಲು ಕಡಿಯುತ್ತಾಳೆ. "ಆ ಮಂದೆ ಬಂದು ಮಣ್ಣು ನೆಕ್ಕಲಿ."

ಇವಳ ಹೊಟ್ಟೆಯುರಿಯೂ ಅದನ್ನೇ ಹೇಳಿತ್ತು. ಮೂರು ದಿನದಿಂದ ದಿಬ್ಬವನ್ನು ನುಣ್ಣಗೆ ಬೋಳಿಸುತ್ತ ಬಂದಿದ್ದಾಳೆ. ಆದರೆ ಇವತ್ತು, ಮೊದಲ ಬಿಸಿಲು ಬೀಳುವ ಮಗ್ಗುಲಿಗೆ ಬಂದಾಗ ಕೈ ನಿಲ್ಲುತ್ತದೆ. ಅಲ್ಲಿ ಹುಲ್ಲು ಎಳೆಯದು. ಅವಳ ಮರಿಗಳು ಮೊದಲು ಬಾಯಿ ಹಾಕಲು ಕಲಿಯುತ್ತಿದ್ದ ಜಾಗ. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಏಳುತ್ತಾಳೆ.

"ಇದ್ಯಾಕೆ ಬಿಟ್ಟೆ?"

"ಬರೋ ಮಂದೇಲೂ ಮರಿಗಳು ಇರ್ತಾವಲ್ಲೇ. ನನ್ನ ಹೊಟ್ಟೆ ಮೇಲೆ ಹೊಡೆದಿದ್ದು ಅವಲ್ಲ."