ಲೈನ್ ಅಂದರೆ ಯಾವ ಲೈನು

ಸೋಲಾರ್ ಇನ್ವರ್ಟರ್ ಕೂರಿಸುವುದು, ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ಕುಶಾಲನಗರದಲ್ಲಿ ಒಂದು ಸಣ್ಣ ಅಂಗಡಿ ಇದೆ. ಇನ್ವರ್ಟರ್ ಅಂದ ಕೂಡಲೇ ಜನ ಬ್ಯಾಟರಿ ಎಲ್ಲಿ ಎಂದು ಹುಡುಕುತ್ತಾರೆ. ಇದು ಆ ಜಾತಿಯದಲ್ಲ. ಚಾವಣಿಯ ಬಿಸಿಲನ್ನು ಕರೆಂಟ್ ಮಾಡಿ, ಬಳಸಿ ಉಳಿದದ್ದನ್ನು ಕಂಬದ ತಂತಿಗೇ ಕೊಡುವಂಥದ್ದು. ಕಂಬದಲ್ಲಿ ಕರೆಂಟ್ ಹೋದರೆ ಇದೂ ತಕ್ಷಣ ನಿಲ್ಲಬೇಕು. "ಕರೆಂಟ್ ಹೋದಾಗ್ಲೂ ಬರಲ್ಲ ಅಂದ್ರೆ ಇದ್ಯಾಕ್ರೀ ಬೇಕು?" ಎಂದು ಕೇಳಿದವರ ಮೇಲೆ ನಾನು ಸಿಡುಕಿದ್ದಿದೆ. ಕಂಬ ಹತ್ತಿದವನ ಪ್ರಾಣ ಉಳಿಯಲಿ ಅಂತ, ಇನ್ಯಾಕೆ.

ಆ ಮಾತನ್ನು ನಾನೇ ಮರೆತದ್ದು ಸೋಮವಾರಪೇಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ. ಊರಿನ ಲೈನಿನ ತುತ್ತತುದಿಯಲ್ಲಿ ಆ ಎಸ್ಟೇಟ್. ಬಿಸಿಲೇರಿದರೆ ವೋಲ್ಟೇಜ್ ಏರಿ ಇನ್ವರ್ಟರ್ ಟ್ರಿಪ್ ಆಗುತ್ತಿತ್ತು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರು ಗುರ್ ಅನ್ನುತ್ತಿತ್ತು, ದೀಪಗಳು ಮಿಣುಕುತ್ತಿದ್ದವು. ಎರಡು ದಿನ ಅಲ್ಲೇ ಕೂತು ವೋಲ್ಟೇಜನ್ನು ಹದಕ್ಕೆ ತಂದೆ. ಆದರೂ ದೀಪದ ಮಿಣುಕು ಹೋಗಲಿಲ್ಲ. ಕಂಬದಲ್ಲಿ ಕರೆಂಟ್ ಇದೆಯೇ ಎಂದು ತಿಳಿಯಲು ಇನ್ವರ್ಟರ್ ಆಗಾಗ ಅದನ್ನು ತುಸು ಅಲುಗಿಸಿ ನೋಡುತ್ತದೆ. ಬಡಕಲು ಲೈನಿಗೆ ಆ ಅಲುಗಾಟವೇ ಜಾಸ್ತಿ. ನನಗೆ ರೇಗಿತು. ಆ ಪರೀಕ್ಷೆಯನ್ನೇ ಆಫ್ ಮಾಡಿದೆ, ಟ್ರಿಪ್ ಆಗುವ ಮಿತಿಗಳನ್ನೂ ಸಡಿಲಿಸಿದೆ. ದೀಪ ಕದಲದೆ ಉರಿಯಿತು. ಎಲ್ಲರೂ ಹೊಗಳಿದರು, ನಾನು ಉಬ್ಬಿಹೋದೆ.

ಮುಂದಿನ ವಾರ ಇನ್ನೊಮ್ಮೆ ನೋಡಿಬರಲು ಹೋದಾಗ ಹಣ್ಣು ಕೊಯ್ಲು ಜೋರಾಗಿತ್ತು. ಮಟಮಟ ಮಧ್ಯಾಹ್ನ, ಪಲ್ಪರ್ ಓಡುತ್ತಿತ್ತು. ಕೆಲಸದವರನ್ನು ನೋಡಿಕೊಳ್ಳುವ ರೈಟರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಲೈನ್‌ಮನ್ ಫೋನ್ ಮಾಡಿದ.

"ರೈಟ್ರೇ, ಲೈನಲ್ಲಿ ಕರೆಂಟ್ ಇದ್ಯಾ?"

"ಇಲ್ಲ ಕಣಪ್ಪ, ಲೈನಲ್ಲಿ ಇಲ್ಲ."

ಎಸ್ಟೇಟಿನಲ್ಲಿ ಲೈನ್ ಅಂದರೆ ಕೆಲಸದವರು ಇರುವ ಸಾಲುಮನೆ. ಅದಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್. ಹಿಂದಿನ ದಿನ ಅಲ್ಲಿ ಫ್ಯೂಸ್ ಹೋಗಿತ್ತು, ರೈಟರೇ ದೂರು ಕೊಟ್ಟಿದ್ದರು. ಅದಕ್ಕೇ ಕೇಳುತ್ತಿದ್ದಾನೆ ಎಂದು ಅವರು ತಿಳಿದರು, ನಾನೂ ತಿಳಿದೆ. ಲೈನ್‌ಮನ್ ಬಂದಿದ್ದು ಬೇರೆ ಕೆಲಸಕ್ಕೆ. ಪಲ್ಪರ್ ಮನೆಗೆ ಬರುವ ತಂತಿಯ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದಿತ್ತು. ನಮ್ಮ ಟ್ರಾನ್ಸ್‌ಫಾರ್ಮರಿನ ಸ್ವಿಚ್ ಇಳಿಸಿ, ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳಲು ಕೇಳಿದ್ದ.

ನಾನು ಇನ್ವರ್ಟರಿನ ಪರದೆ ನೋಡುತ್ತಾ ನಿಂತಿದ್ದೆ. ಐವತ್ತರ ಆಸುಪಾಸಿನಲ್ಲಿ ಇರಬೇಕಾದ ಫ್ರೀಕ್ವೆನ್ಸಿ ಮೆಲ್ಲಗೆ ಮೇಲಕ್ಕೆ ಜಾರುತ್ತಿತ್ತು. ಕಂಬದ ಕರೆಂಟ್ ಇದ್ದಾಗ ಅದು ಹಾಗೆ ಜಾರುವುದಿಲ್ಲ. ಪಲ್ಪರ್ ನಮ್ಮ ಬಿಸಿಲಿನ ಕರೆಂಟಿನಲ್ಲೇ ಓಡುತ್ತಿದೆ, ಅದೇ ಕರೆಂಟ್ ಹೊರಗಿನ ತಂತಿಯಲ್ಲೂ ಇದೆ ಎಂದು ಆಗ ಹೊಳೆಯಿತು. ಇನ್ವರ್ಟರಿನ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಒಂದು ಕೂಗು ಕೇಳಿಸಿತು. ಸ್ವಿಚ್ ಇಳಿಸಿ ಓಡಿದೆ.

ಏಣಿ ಅಡ್ಡ ಬಿದ್ದಿತ್ತು. ಲೈನ್‌ಮನ್ ಕಾಫಿ ಗಿಡದ ಬುಡದಲ್ಲಿ ಕೂತಿದ್ದ. ಬಲಗೈ ಅಂಗೈ ಸುಟ್ಟಿತ್ತು. ಕಣ್ಣು ಬಿಟ್ಟಿದ್ದ, ಉಸಿರಾಡುತ್ತಿದ್ದ. ರೈಟರ್ ಅಳುತ್ತಾ, "ನಾನು ಕೂಲಿ ಲೈನ್ ಅಂದ್ಕಂಡೆ ಕಣಪ್ಪ, ನಂದೇ ತಪ್ಪು" ಅಂದರು.

ಜೀಪ್ ತನ್ನಿ ಎಂದಷ್ಟೇ ಅಂದೆ. ತಪ್ಪನ್ನು ಅವರೇ ಹೊತ್ತುಕೊಳ್ಳುತ್ತಿದ್ದಾರಲ್ಲ ಎಂದು ಮನಸ್ಸಿಗೆ ಸಮಾಧಾನವಾದದ್ದೂ ನಿಜ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಜೀಪ್ ತರಲು ರೈಟರ್ ಓಡಿದ ಮೇಲೆ ಲೈನ್‌ಮನ್ ಪಕ್ಕ ಕುಳಿತು ಎಲ್ಲ ಹೇಳಿದೆ. ನೀನು ಸ್ವಿಚ್ ಇಳಿಸಿದ ಕೂಡಲೇ ಇನ್ವರ್ಟರ್ ನಿಲ್ಲಬೇಕಿತ್ತು, ನಿಲ್ಲದ ಹಾಗೆ ಮಾಡಿದವನು ನಾನು ಅಂದೆ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ.

"ಇನ್ನೆಲ್ಲೆಲ್ಲಿ ಹಿಂಗೆ ಮಾಡಿದೀರಾ ಸಾರ್?"

ಅಲ್ಲಿಯವರೆಗೆ ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ಈ ಎಸ್ಟೇಟಿನಲ್ಲಿ ಸಿಕ್ಕ ಹೊಗಳಿಕೆಯ ಅಮಲಿನಲ್ಲಿ ಅದೇ ವಾರ ಇನ್ನೊಂದು ಕಡೆಯೂ ಹಾಗೇ ಮಾಡಿ ಬಂದಿದ್ದೆ.

"ಶನಿವಾರಸಂತೆ ಹತ್ರ ಒಂದು" ಅಂದೆ.

ಸುಟ್ಟ ಕೈಯಲ್ಲಿ ಅವನಿಗೆ ಫೋನ್ ಹಿಡಿಯಲು ಆಗಲಿಲ್ಲ. ಎಡಗೈಯಲ್ಲಿ ಜೇಬಿನಿಂದ ತೆಗೆದು, ನಂಬರ್ ತೋರಿಸಿ ನನ್ನ ಕೈಗಿಟ್ಟ. "ಆ ಕಡೆ ಲೈನ್ ನೋಡ್ಕೊಳ್ಳೋನು ನಮ್ಮ ದೋಸ್ತ್. ನೀವೇ ಹೇಳಿ, ಕಂಬ ಹತ್ಬೇಡ ಅಂತ."

ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ.

"ಊಟಕ್ಕೆ ಕೂತಿದೀನಿ, ಏನು ಹೇಳಿ" ಅಂದ.

ನನಗೆ ಅಳು ಬಂತು. "ಕಂಬ ಹತ್ಬೇಡಪ್ಪ, ನಾನು ಬಂದು ಸರಿಮಾಡೋವರ್ಗೂ ಹತ್ಬೇಡ" ಅಂದೆ.